ಮನೆಗೆ ನಿಂತವರು

ನಮ್ಮ ಊರಲ್ಲಿ ಮನೆ ಕಟ್ಟುವುದು ಅಗ್ಗ, ನಿಲ್ಲಿಸಿಕೊಳ್ಳುವುದು ತುಟ್ಟಿ. ಕಲ್ಲು ಗುಡ್ಡದಲ್ಲಿ ಬಿದ್ದಿದೆ, ಹೊತ್ತು ತರುವವನ ಹೊಟ್ಟೆಗೆ ಹಾಕಿದರೆ ಸಾಕು. ಸುಣ್ಣಕ್ಕೆ ಒಂದು ಚೀಲ ಜೋಳ ಅಳೆದುಕೊಟ್ಟರೆ ಅದನ್ನು ಸುಡುವ ಗೂಡಿನವರೇ ತಂದು ಸುರಿಯುತ್ತಾರೆ. ತೊಲೆಗೆ ಬೇವಿನ ಮರ ಯಾರ ಹೊಲದ ಬದುವಿನಲ್ಲಾದರೂ ಸಿಗುತ್ತದೆ. ಆದರೆ ಆಮೇಲೆ ದಿನಾ ಬೆಳಿಗ್ಗೆ ಆ ಮನೆಗಾಗಿ ಒಬ್ಬರು ಪಡಸಾಲೆಯಲ್ಲಿ ನಿಲ್ಲಬೇಕಲ್ಲ, ಅದು ತಲೆಮಾರುಗಟ್ಟಲೆ ನಡೆಯುವ ಖರ್ಚು. ಬಾಡಿಗೆಗೆ ನಿಲ್ಲುವವರನ್ನು ಇಟ್ಟುಕೊಂಡರೆ ಎರಡು ಹೊತ್ತು ಊಟ, ಊಟದಲ್ಲಿ ತುಪ್ಪ, ಮೊಣಕಾಲಿಗೆ ಎಳ್ಳೆಣ್ಣೆ, ವರ್ಷಕ್ಕೊಂದು ಜೊತೆ ಬಟ್ಟೆ, ಇದರ ಮೇಲೆ ಅವರ ಸಿಟ್ಟು ಸೆಡವು. ಮನೆಯವರೇ ನಿಂತರೆ ಇದೆಲ್ಲ ಉಳಿಯುತ್ತದೆ, ಆದರೆ ಒಬ್ಬರ ಬೆಳಗು ಹೋಗುತ್ತದೆ. ನಾವು ಬಾಡಿಗೆಯವರನ್ನು ಇಟ್ಟುಕೊಳ್ಳುವಷ್ಟು ಉಳ್ಳವರಲ್ಲ.

ನಿಂತವರ ಮೈ ಹೇಗೋ ಮನೆ ಹಾಗೆ. ಎದೆ ಉಬ್ಬಿಸಿ ನಿಲ್ಲುವ ಗೌಡರ ಮನೆಯ ಮುಂಗೋಡೆ ಬೀದಿಗೆ ಉಬ್ಬಿ ಬಂದಿದೆ, ಗಾಡಿಗಳು ಅಲ್ಲಿ ಓರೆಯಾಗಿ ಹೋಗುತ್ತವೆ. ಹಲ್ಲು ಕಚ್ಚಿ ನಿಲ್ಲುವವರ ಮನೆಯ ಕಿಟಕಿಗಳು ತೆರೆಯುವುದಿಲ್ಲ. ಗಾಣದ ಓಣಿಯಲ್ಲಿ ಯಾರೂ ನಿಲ್ಲದೆ ಬಿಟ್ಟ ಮನೆಯೊಂದು ಕೂತುಬಿಟ್ಟಿದೆ. ಅದರ ಸೂರು ನನ್ನ ಸೊಂಟಕ್ಕೆ ಬರುತ್ತದೆ. ಅದರಲ್ಲೂ ಒಂದು ಸಂಸಾರ ಇದೆ. ಅಂಬೆಗಾಲಿಕ್ಕಿಕೊಂಡು ಒಳಗೆ ಹೋಗುತ್ತಾರೆ, ಬರುತ್ತಾರೆ. ಮಕ್ಕಳಿಗೆ ಖುಷಿ, ಅಳಿಯ ಬಂದಾಗ ಮಾತ್ರ ಎಲ್ಲರಿಗೂ ಸಂಕೋಚ. ಒಮ್ಮೆ ಕೂತ ಮನೆ ಮತ್ತೆ ಏಳುವುದಿಲ್ಲ.

ನಮ್ಮ ಮನೆಗೆ ಅತ್ತೆ ನಿಲ್ಲುತ್ತಿದ್ದರು. ನಾನು ಸೊಸೆಯಾಗಿ ಬಂದಾಗಿನಿಂದ ನೋಡಿದ್ದು ಅದನ್ನೇ. ಬೆಳಕು ಹರಿಯುವ ಹೊತ್ತಿಗೆ ನಡುಗಂಬದ ಪಕ್ಕ ಬರಿಗಾಲಲ್ಲಿ, ಕೈಗಳನ್ನು ದೊಡ್ಡ ಗಡಿಗೆ ತಬ್ಬಿದಂತೆ ಎದೆಯ ಮುಂದೆ ಹಿಡಿದು, ಕಣ್ಣು ಅರೆ ಮುಚ್ಚಿ ನಿಂತಿರುತ್ತಿದ್ದರು. ಅದೇ ಹೊತ್ತಿಗೆ ನಾನು ಒಲೆಯ ಮುಂದೆ ಕೂತು ರೊಟ್ಟಿ ಬಡಿಯುತ್ತಿದ್ದೆ. ಸಂತೆಪೇಟೆಯ ಹಮಾಲರಿಗೆ ರೊಟ್ಟಿ ಮಾರುವುದು ನನ್ನ ಕಸುಬು. ನನ್ನ ಸದ್ದು ಅವರಿಗೆ ಅಡ್ಡಿಯಾಗಲಿಲ್ಲ, ಅವರ ಮೌನ ನನಗೆ ಅಡ್ಡಿಯಾಗಲಿಲ್ಲ. ಮನೆಗೆ ನಿಲ್ಲುವವರೇ ಮನೆಗೆ ಹಿರಿಯರು. ಮದುವೆ ಮುಂಜಿಗೆ ಕರೆಯಲು ಬಂದವರು ಮೊದಲ ವೀಳ್ಯ ಕೊಡುವುದು ಅವರಿಗೆ, ಎತ್ತು ಕೊಳ್ಳುವ ಮಾತಾದರೂ ಕೊನೆಯ ಮಾತು ಅವರದು.

ಮನೆಯಲ್ಲಿ ಇನ್ನೊಬ್ಬಳಿದ್ದಳು, ನನ್ನ ಗಂಡನ ಅಕ್ಕ ತುಳಜಕ್ಕ. ಕೊಟ್ಟ ಮನೆಯಲ್ಲಿ ಬಾಳುವೆ ಆಗದೆ ತಿರುಗಿ ಬಂದವಳು. ಹಿಂದಿನ ಕೋಣೆ ಅವಳದು. ಅವಳ ನಾಲಿಗೆಗೆ ಇಡೀ ಓಣಿ ಹೆದರುತ್ತಿತ್ತು. ನನ್ನ ರೊಟ್ಟಿಯನ್ನು ಬೆಳಕಿಗೆ ಹಿಡಿದು ನೋಡಿ, "ಇದು ರೊಟ್ಟಿ ಏನ್ಲೇ ಚಂಪಿ, ಹೊಚ್ಕೊಳ್ಳಾಕ ಕಂಬಳಿ?" ಎನ್ನುತ್ತಿದ್ದಳು. ನಾನೂ ಬಿಡುತ್ತಿರಲಿಲ್ಲ. "ಹೊಚ್ಕೊಂಡ್ರ ಹೊಚ್ಕೋ ಅಕ್ಕಾ, ಬಾಯಿ ಮುಚ್ಚುವಷ್ಟು ದೊಡ್ಡದೇ ಐತಿ" ಎನ್ನುತ್ತಿದ್ದೆ. ಹೀಗೇ ನಡೆದಿತ್ತು.

ಅತ್ತೆ ತೀರಿಕೊಂಡರು. ಸೂತಕದ ದಿನಗಳಲ್ಲಿ ಯಾರೂ ನಿಲ್ಲುವಂತಿಲ್ಲ, ಆಗ ಮನೆಯೂ ಉಸಿರು ಹಿಡಿದುಕೊಂಡಿರುತ್ತದೆ. ಸೂತಕ ಕಳೆದ ಮಾರನೆಯ ಬೆಳಿಗ್ಗೆ ನನ್ನ ಗಂಡ ನಿಂತು ನೋಡಿದ. ಅವನಿಗೆ ನಿಂತಲ್ಲೇ ತೂಕಡಿಕೆ. ಒಮ್ಮೆ ಎಚ್ಚರಾಗಿ ಕಿವಿ ಕೆರೆದುಕೊಂಡ, ಮೇಲೆ ಹೆಂಚುಗಳು ಗಲಗಲ ಎಂದು ಜರುಗಿ ಒಂದು ಅಂಗಳಕ್ಕೆ ಬಿತ್ತು. "ನನ್ನ ಕೈಲೆ ಆಗೂದಲ್ಲ" ಎಂದು ಅವನು ಎತ್ತು ಹೂಡಿಕೊಂಡು ಹೊರಟೇಹೋದ. ತುಳಜಕ್ಕ ನಿಲ್ಲುವ ಹಾಗಿಲ್ಲ. ಕೊಟ್ಟ ಹೆಣ್ಣಿನ ಪಾದ ಬೇರೆ ಹೊಸ್ತಿಲಿಗೆ ತಿರುಗಿರುತ್ತದೆ, ಅವಳು ತವರಿಗೆ ನಿಲ್ಲಬಾರದು ಎನ್ನುವುದು ಊರಿನ ಕಟ್ಟಳೆ. ತಿರುಗಿ ಬಂದರೂ ಪಾದ ತಿರುಗುವುದಿಲ್ಲವಂತೆ. ಹಾಗಾಗಿ ನಾನು ನಿಂತೆ.

ಕಲಿಸಲು ನಿಲುವಿನ ಮಾಸ್ತರು ಕಲ್ಲಿನಾಥಯ್ಯನವರು ಬಂದರು. ಊರಿನ ಅರ್ಧ ಮನೆಗಳು ಅವರ ಮಾತಿನ ಮೇಲೆ ನಿಂತಿವೆ. ಅವರು ನನ್ನ ಸುತ್ತ ಒಂದು ಸುತ್ತು ಬಂದು ಹೇಳಿದರು: "ಪಾದ ಹೆಗಲಗಲ ಇಡು. ಭಾರ ಹಿಮ್ಮಡಕ್ಕೂ ಬ್ಯಾಡ, ಬೆರಳಿಗೂ ಬ್ಯಾಡ, ನಡುಪಾದಕ್ಕ ಬಿಡು. ಮೊಣಕಾಲಿಗೆ ಬೀಗ ಹಾಕಬ್ಯಾಡ. ಎತ್ತರದ ಮಣಿ ಮ್ಯಾಲೆ ಇನ್ನೇನ್ ಕುಂಡ್ರಬೇಕು, ಆದ್ರ ಕುಂತಿಲ್ಲ, ಹಂಗ. ನೆತ್ತಿ ನೆಲುವಿನಾಗ ತೂಗಾಡೋ ಗಡಿಗಿ ಹಂಗ, ಮ್ಯಾಲಿಂದ ಯಾರೋ ಹಿಡದಾರ ಅಂತ ತಿಳ್ಕೊ. ಬಗಲಾಗ ಒಂದು ಕೋಳಿಮರಿ ಐತಿ. ಒತ್ತಿದ್ರ ಸಾಯ್ತೈತಿ, ಬಿಟ್ರ ಓಡಿ ಹೋಗ್ತೈತಿ." ನಾನು ಕೇಳಿದೆ: "ಕೋಳಿಮರಿ ಇರ್ಲಿ ಮಾಸ್ತರ, ಮಣಿ ಮ್ಯಾಲೆ ಕುಂಡ್ರಬೇಕೋ ಬ್ಯಾಡೋ ಅದನ್ನಾದ್ರೂ ಹೇಳ್ರಿ." ಅವರು ಗಡ್ಡ ಸವರಿಕೊಂಡು, "ಎರಡೂ ಅಲ್ಲ" ಎಂದರು. "ಎರಡೂ ಅಲ್ಲದ್ದು ನಾ ಎಂದೂ ಮಾಡಿಲ್ರೀ" ಎಂದೆ. ಹಿಂದಿನ ಕೋಣೆಯಿಂದ ತುಳಜಕ್ಕ ನಕ್ಕದ್ದು ಕೇಳಿಸಿತು.

ಮೊದಲ ಕೆಲವು ದಿನ ಮನೆ ಅಷ್ಟಿಷ್ಟು ಜರುಗಿತು. ಅಡುಗೆಮನೆಯ ಹಲಗೆ ಬಲಕ್ಕೆ ವಾಲಿ ಉಪ್ಪಿನಕಾಯಿ ಭರಣಿಗಳು ಒಂದಕ್ಕೊಂದು ಒತ್ತಿಕೊಂಡವು. ಅದಕ್ಕೆ ಕಾರಣ ನನಗೆ ಗೊತ್ತಿತ್ತು. ವರ್ಷಗಟ್ಟಲೆ ರೊಟ್ಟಿ ಬಡಿದ ಬಲಹೆಗಲು ಮುಂದೆ ಬಂದಿದೆ, ಸೊಂಟ ಎಡಕ್ಕೆ ಹಿಂದೆ ಸರಿದಿದೆ. ಎಲ್ಲ ಹೊಸಬರಿಗೂ ಹೀಗೇ ಎಂದು ಪಕ್ಕದ ಮನೆಯ ಬೀಬಿಜಾನ್ ಸಮಾಧಾನ ಹೇಳಿದಳು. ಅವಳು ಚಿಕ್ಕ ವಯಸ್ಸಿನಲ್ಲಿ ಸೊಸೆಯಾಗಿ ಬಂದಾಗಿನಿಂದ ಆ ಮನೆಗೆ ನಿಂತವಳು. "ನಾ ಶುರು ಮಾಡಿದಾಗ ನಮ್ಮ ಮನಿ ಆರು ತಿಂಗಳು ಬಿಕ್ಕಳಿಸ್ತಿತ್ತು" ಎಂದಳು.

ಆಮೇಲೆ ಒಂದು ಬೆಳಿಗ್ಗೆ ನಿಂತು ಮುಗಿಸಿ ಕೈ ಇಳಿಸುವಾಗ ಹಿಂದಿನ ಕೋಣೆಯ ಬಾಗಿಲು ಬಡಿಯುವ ಸದ್ದು ಬಂತು. "ಹೊರಗಿಂದ ಅಗಳಿ ಹಾಕೀ ಏನ್ಲೇ ಚಂಪಿ?" ತುಳಜಕ್ಕ ಒಳಗಿನಿಂದ ಕೂಗಿದಳು. ಹೋಗಿ ನೋಡಿದರೆ ಅಗಳಿ ಸುಮ್ಮನೆ ಜೋತಾಡುತ್ತಿತ್ತು. ಬಾಗಿಲ ಚೌಕಟ್ಟು ಮಾತ್ರ ಓರೆಯಾಗಿ ಹಲಗೆಯನ್ನು ಕಚ್ಚಿ ಹಿಡಿದಿತ್ತು. ನಾನು ದೂಡಿದೆ, ಅವಳು ಎಳೆದಳು. ನನ್ನ ಗಂಡ ಹಾರೆ ತಂದ. ಕಲ್ಲಿನಾಥಯ್ಯನವರು ಓಡಿ ಬಂದು ಹಾರೆಯನ್ನು ಹಿಡಿದುಕೊಂಡರು. "ಫಕ್ಕೀರಪ್ಪಾ, ಹುಚ್ಚು ಹಿಡಿದೈತೇನು? ಮನಿ ಬೆನ್ನೆಲುಬು ಈ ಗ್ವಾಡಿ ಮ್ಯಾಲೆ ಕುಂತೈತಿ. ಚೌಕಟ್ಟು ಮುರದ್ರ ಮನೀನ ಕುಂದರ್ತೈತಿ, ಒಳಗ ಆಕಿ ಇದ್ದಾಳ." ಹಾಗಾದರೆ ಏನು ಮಾಡುವುದು ಎಂದು ಕೇಳಿದೆವು. "ನಿಂತಾಕಿ ಸರಿಯಾಗಿ ನಿಂದ್ರಬೇಕು. ನಿಲುವು ಕೂಡಿದ್ರ ಬಾಗಿಲಾ ತಾನ ಬಿಡ್ತೈತಿ" ಎಂದರು. ಎಲ್ಲರೂ ನನ್ನ ಮುಖ ನೋಡಿದರು.

ಕೋಣೆಗೆ ಹಿತ್ತಿಲ ಕಡೆ ಒಂದು ಕಿಟಕಿ ಇತ್ತು. ಸರಳಿಲ್ಲದ, ತಾಟು ಹಿಡಿಸುವಷ್ಟು ಕಿಟಕಿ. ಅದರಿಂದಲೇ ಊಟ, ನೀರು, ಬಟ್ಟೆ ಕೊಡತೊಡಗಿದೆವು. ಬೇರೆ ಅಗತ್ಯಗಳಿಗೆ ಒಂದು ಮಡಕೆ ಹಗ್ಗ ಕಟ್ಟಿ ಇಟ್ಟೆವು. ತುಳಜಕ್ಕ ಕೋಣೆಯಲ್ಲಿ ಕೂತೇ ಆಳಿದಳು. "ಸಾರಿಗೆ ಉಪ್ಪು ಹಾಕಿಲ್ಲ, ನಾ ಒಳಗ ಇದ್ದೀನಿ ಅಂತ ಉಪ್ಪೂ ಹೊರಗ ಉಳೀತೇನು?" ಎಂದು ಕಿಟಕಿಯಿಂದ ಕೂಗುವಳು. ಹಿತ್ತಿಲ ಹಾದಿಯಲ್ಲಿ ಹೋಗುವವರು ನಿಂತು ಅವಳಿಗೆ ನಮಸ್ಕಾರ ಹೇಳಿ ಹೋಗುವರು.

ನಗು ನಿಂತದ್ದು ಕಿಟಕಿ ಚಿಕ್ಕದಾಗುತ್ತಿದೆ ಎಂದು ಗೊತ್ತಾದ ದಿನ. ತಾಟು ಅಡ್ಡ ಹಿಡಿದರೆ ಹೋಗುತ್ತಿದ್ದುದು ಓರೆ ಹಿಡಿಯಬೇಕಾಯಿತು. ಆಮೇಲೆ ತಾಟು ಬಿಟ್ಟು ಬಟ್ಟಲಲ್ಲಿ ಕೊಟ್ಟೆವು. ಮಡಕೆ ಹೋಗದಾದಾಗ ತಂಬಿಗೆ ಇಟ್ಟೆವು. ನಾನು ದಿನಾ ಬೆಳಿಗ್ಗೆ ಮೊದಲಿಗಿಂತ ಹೆಚ್ಚು ಜತನದಿಂದ ನಿಲ್ಲುತ್ತಿದ್ದೆ, ಕಿಟಕಿ ಮೊದಲಿಗಿಂತ ಹೆಚ್ಚು ಕುಗ್ಗುತ್ತಿತ್ತು. ಮಾಸ್ತರು "ಹೆಗಲು ಇಳಿಸು" ಎಂದರು. ಇಳಿಸಿದೆ, ಬಚ್ಚಲ ಸೂರು ಇಳಿಯಿತು. "ಬಿಗಿ ಆಗೀ, ಬಿಡು" ಎಂದರು. ಬಿಟ್ಟೆ, ಒಲೆ ಬಿರುಕು ಬಿಟ್ಟಿತು. "ನೆಟ್ಟಗ ಅಂದ್ರ ಬಿಗಿ ಅಲ್ಲ, ಬಿಡು ಅಂದ್ರ ಬೀಳೂದು ಅಲ್ಲ" ಎಂದರು. ಆ ಮಾತನ್ನು ಹಗಲೆಲ್ಲ ಬಾಯಲ್ಲಿ ಹಾಕಿಕೊಂಡು ಅಗಿದೆ. ರೊಟ್ಟಿ ಹಿಟ್ಟು ಗಟ್ಟಿಯಾದರೆ ನೀರು, ನೀರಾದರೆ ಹಿಟ್ಟು, ಇಷ್ಟು ನನಗೆ ಗೊತ್ತು. ಇದರಲ್ಲಿ ಯಾವುದು ನೀರು, ಯಾವುದು ಹಿಟ್ಟು ಎಂದೇ ತಿಳಿಯಲಿಲ್ಲ.

ಒಂದು ದಿನ ಬೀಬಿಜಾನ್ ಬಂದು ಕಟ್ಟೆಯ ಮೇಲೆ ಕೂತು, ಎಲೆಗೆ ಸುಣ್ಣ ಹಚ್ಚುತ್ತ, ನನ್ನ ಕಡೆ ನೋಡದೆ ಹೇಳಿದಳು: "ನಳದ ಹತ್ರ ಮಂದಿ ಮಾತಾಡಾಕತ್ತಾರ." ಏನಂತೆ ಎಂದೆ. "ನಾದಿನಿ ಕಾಟ ತಡಿಲಾರ್ದ ಚಂಪವ್ವ ಬೇಕಂತ ಹಂಗ ನಿಂತು ಬಾಗಿಲಾ ಮುಚ್ಚ್ಯಾಳ ಅಂತ." ಅವಳು ಎಲೆ ಮಡಚಿ ಬಾಯಿಗಿಟ್ಟುಕೊಂಡಳು. "ಖರೇ ಏನ?"

ಇಲ್ಲ ಎಂದು ಕೂಡಲೇ ಹೇಳಲು ನನಗೆ ಆಗಲಿಲ್ಲ. ಬೇಕೆಂದು ಮಾಡಿದ್ದಲ್ಲ, ಅದು ನಿಜ. ಆದರೆ ಬಾಗಿಲು ಕಚ್ಚಿಕೊಂಡ ಹಿಂದಿನ ದಿನ ಅವಳು ಹಮಾಲರ ಎದುರಿಗೇ ನನ್ನ ರೊಟ್ಟಿಯನ್ನು ಆಡಿಕೊಂಡು ನಕ್ಕಿದ್ದಳು. ಈ ಬಾಯಿಗೆ ಒಂದು ಬಾಗಿಲು ಇದ್ದಿದ್ದರೆ ಎಂದು ನಾನು ಅಂದುಕೊಂಡಿದ್ದೆ. ಮಾರನೆಯ ಬೆಳಿಗ್ಗೆ ನಿಂತಾಗ ಆ ಮಾತು ನೆನಪಲ್ಲಿರಲಿಲ್ಲ. ಮೈಯಲ್ಲಿ ಇತ್ತೋ ಏನೋ. ಹೆಗಲು ರೊಟ್ಟಿಯಿಂದ ಸೊಟ್ಟವೋ ಸಿಟ್ಟಿನಿಂದ ಸೊಟ್ಟವೋ ಎಂದು ಹೇಗೆ ಹೇಳುವುದು? ಹೊರಗಿನಿಂದ ಎರಡೂ ಒಂದೇ ತರ ಕಾಣುತ್ತವೆ. ಒಳಗಿನಿಂದಲೂ ನನಗೆ ಬೇರೆ ಬೇರೆ ಕಾಣಲಿಲ್ಲ. ಬೀಬಿಜಾನ್ ನನ್ನ ಮುಖ ನೋಡಿ, "ಹೋಗ್ಲಿ ಬಿಡು, ಮಂದಿ ಬಾಯಿ" ಎಂದು ಎದ್ದು ಹೋದಳು.

ಬಟ್ಟಲೂ ಹೋಗದಾಯಿತು. ರೊಟ್ಟಿಯನ್ನು ಸುರುಳಿ ಸುತ್ತಿ, ಒಳಗೆ ಪಲ್ಯ ಹಚ್ಚಿ, ಕೊಳವೆಯ ಹಾಗೆ ತೂರಿಸತೊಡಗಿದೆ. ನೀರನ್ನು ಸೀಳಿದ ಬಿದಿರಿನಲ್ಲಿ ಹರಿಸಿದೆ. ಕಿಟಕಿಯಿಂದ ಬರುವ ತುಳಜಕ್ಕನ ಕೈ ಮೊಣಕೈವರೆಗೆ ಮಾತ್ರ ಕಾಣುತ್ತಿತ್ತು. "ತೆಳ್ಳಗ ಬಡಿಯಾಕ ಬರ್ತೈತಿ ನಿನಗ" ಎಂದಳು ಒಂದು ದಿನ. "ಇಷ್ಟು ವರ್ಷ ಕಂಬಳಿ ಯಾಕ ತಿನಸಿದಿ?" ದನಿ ಮೊದಲಿನಷ್ಟು ಗಟ್ಟಿ ಇರಲಿಲ್ಲ. ನನಗೆ ಅಳು ಬಂತು. ಇನ್ನು ನಾಲ್ಕು ಬೆಳಗು ನಾನು ಹೀಗೆ ನಿಂತರೆ ರೊಟ್ಟಿಯೂ ಹೋಗುವುದಿಲ್ಲ. ನಿಲ್ಲದಿದ್ದರೆ ಮನೆ ಕೂರುತ್ತದೆ, ಅವಳ ತಲೆಯ ಮೇಲೆಯೇ.

ಮರುದಿನ ನಿಂತಿದ್ದಾಗ ನನ್ನ ಬಲಗಾಲಿನ ಮೀನಖಂಡ ಹಿಡಿದುಕೊಂಡಿತು. ತಡೆದೆ, ತಡೆಯಲಾಗಲಿಲ್ಲ, ಅಲ್ಲೇ ಕುಸಿದು ಕೂತೆ. ಕಣ್ಣು ಮುಚ್ಚಿ ಹೆಂಚು ಬೀಳುವುದನ್ನೇ ಕಾದೆ. ಏನೂ ಬೀಳಲಿಲ್ಲ. ತೊಲೆಗಳು ಒಮ್ಮೆ ಕಿರುಗುಟ್ಟಿ, ಹೆಗಲ ಮೇಲಿನ ಹೊರೆ ಬದಲಿಸಿದ ಹಮಾಲನ ಹಾಗೆ ಉಸಿರು ಬಿಟ್ಟು ಸುಮ್ಮನಾದವು. ನಾನು ನೆಲದ ಮೇಲೆ ಕೂತಿದ್ದೇನೆ, ಮನೆ ನಿಂತಿದೆ. ಯಾರ ಮೇಲೆ ನಿಂತಿದೆ? ಕುಂಟುತ್ತ ಹಿತ್ತಿಲಿಗೆ ಹೋಗಿ ಕಿಟಕಿಯ ಸಂದಿಗೆ ಕಣ್ಣಿಟ್ಟೆ.

ತುಳಜಕ್ಕ ಕೋಣೆಯ ನಡುವೆ ನಿಂತಿದ್ದಳು. ಕೈಗಳು ಕಾಣದ ಗಡಿಗೆಯನ್ನು ತಬ್ಬಿದ್ದವು. ಹೆಗಲುಗಳು ಗೂಟಕ್ಕೆ ಹಾಕಿದ ಒದ್ದೆ ಸೀರೆಯ ಹಾಗೆ ತಾವಾಗಿ ಇಳಿದಿದ್ದವು. ಕುತ್ತಿಗೆ ಮೇಲಕ್ಕೆ ಬೆಳೆದಂತಿತ್ತು, ಸೊಂಟ ಕೆಳಕ್ಕೆ ಬೇರು ಬಿಟ್ಟಂತಿತ್ತು. ಕೂತಿರಲಿಲ್ಲ, ನಿಂತಿರಲಿಲ್ಲ. ಮಾಸ್ತರ "ಎರಡೂ ಅಲ್ಲ" ಎನ್ನುವುದನ್ನು ನಾನು ಮೊದಲ ಸಲ ಕಣ್ಣಿನಿಂದ ನೋಡಿದೆ. ಅವಳು ಮುಗಿಸಿ ಕೈ ಇಳಿಸುವವರೆಗೂ ನಾನು ಕಾದೆ. ಆಮೇಲೆ, "ಅಕ್ಕಾ, ಎಂದಿನಿಂದ?" ಎಂದೆ.

ಅವಳು ಬೆಚ್ಚಿದಳು. ಬೈಯುತ್ತಾಳೆ ಎಂದುಕೊಂಡೆ. ಬೈಯಲಿಲ್ಲ. ಸಂದಿಯ ಹತ್ತಿರ ಬಂದು ಗೋಡೆಗೆ ಒರಗಿ ಕೂತಳು. "ಅವ್ವನ ಟೊಂಕ ಮುರೀತಲ್ಲ, ಬಚ್ಚಲದಾಗ ಜಾರಿ. ಅವತ್ತಿನಿಂದ" ಎಂದಳು. ಅದು ಬಹಳ ಹಿಂದಿನ ಮಾತು. "ಆಮ್ಯಾಲೆ ಆಕಿ ಕಂಬಕ್ಕ ಒರಗಿ ಸುಮ್ಮನ ನಿಂದರ್ತಿದ್ಲು, ನಿಮಗ ತೋರಿಸಾಕ. ಮನಿ ಹೊತ್ತಾಕಿ ನಾ." ಯಾಕೆ ಹೇಳಲಿಲ್ಲ ಎಂದೆ. "ಹೇಳಿದ್ರ ಆಕಿ ಹಿರಿತನ ಹೋಗ್ತಿತ್ತು. ಕೊಟ್ಟ ಮಗಳು ತವರಿಗೆ ನಿಂತಾಳ ಅಂತ ಊರು ಉಗಳ್ತಿತ್ತು. ಅವ್ವ ಸಾಯೂಮುಂದ ಚಂಪಿಗೆ ಬಿಟ್ಟುಕೊಡು ಅಂದ್ಲು. ಬಿಡಬೇಕಂತ ಮಾಡಿದ್ದೆ." ಆಮೇಲೆ ಹೇಳಿದಳು: "ನಿನ್ನ ನಿಲುವು ನೋಡಿ ಹೆದರಿಕಿ ಆತು. ನಾ ಬಿಟ್ರ ಮನಿ ನಿನ್ನ ತಲಿ ಮ್ಯಾಲೆ ಬೀಳ್ತೈತಿ ಅನ್ನಿಸ್ತು."

ಆಗ ಗೊತ್ತಾಯಿತು. ಒಂದು ಮನೆಗೆ ನಾವಿಬ್ಬರು ನಿಂತಿದ್ದೆವು. ನಾನು ಒಂದು ಕಡೆ ತಿರುವಿದರೆ ಅವಳು ಇನ್ನೊಂದು ಕಡೆ ತಿದ್ದುತ್ತಿದ್ದಳು. ನಾನು ಜತನ ಹೆಚ್ಚಿಸಿದಷ್ಟು ಅವಳೂ ಹೆಚ್ಚಿಸುತ್ತಿದ್ದಳು. ನಡುವೆ ಮನೆ ಒದ್ದೆ ಬಟ್ಟೆ ಹಿಂಡಿದ ಹಾಗೆ ಹಿಂಡಿಕೊಂಡಿತ್ತು. ಯಾರೂ ಕೇಡು ಬಯಸಿರಲಿಲ್ಲ. ಬಯಸಿದ್ದರೂ ಇಷ್ಟು ಅಚ್ಚುಕಟ್ಟಾಗಿ ಆಗುತ್ತಿರಲಿಲ್ಲ.

"ನಾಳಿ ನಾ ನಿಂದ್ರೂದಿಲ್ಲ, ನೀ ನಿಂದ್ರು" ಎಂದಳು. ಅದೇ ಸರಿಯಾದ ದಾರಿ, ಕಟ್ಟಳೆಯ ದಾರಿ. ಮಾರನೆಯ ದಿನ ಅವಳು ಚಾಪೆಯ ಮೇಲೆ ಕೂತಳು, ನಾನು ಒಬ್ಬಳೇ ನಿಂತೆ. ಕೋಳಿಮರಿ, ನೆಲುವು, ಮಣೆ ಎಲ್ಲ ನೆನೆಸಿಕೊಂಡೆ. ಇಡೀ ಮನೆ ಒಮ್ಮೆ ಗರಗರ ತಿರುಗಿದಂತಾಯಿತು. ಮೇಲಿಂದ ಮಣ್ಣು ಸುರಿಯಿತು. ತುಳಜಕ್ಕ ಒಳಗಿನಿಂದ ಚೀರಿದಳು. ಓಡಿಹೋಗಿ ನೋಡಿದರೆ ಕಿಟಕಿ ಎರಡು ಬೆರಳಿನಷ್ಟಾಗಿತ್ತು. ಅದರಲ್ಲಿ ಅವಳ ಕಣ್ಣು ಒಂದೇ ಕಂಡಿತು. ಆ ಕಣ್ಣಿನಲ್ಲಿ ನಾನು ಎಂದೂ ನೋಡದ ಹೆದರಿಕೆ ಇತ್ತು.

ಉಳಿದದ್ದು ಒಂದೇ, ನಾನು ಬಿಡುವುದು. ಅದೂ ಸರಿಹೋಗುತ್ತದೋ, ಉಳಿದ ಸಂದಿಯೂ ಮುಚ್ಚಿಬಿಡುತ್ತದೋ ಯಾರಿಗೆ ಗೊತ್ತು. ಮಾಸ್ತರನ್ನು ಕೇಳಿದೆ. ಅವರು "ಹಿಂಗ ಆಗಿದ್ದು ನಾ ಕೇಳಿಲ್ಲ" ಎಂದರು. ಅವರ ಬಾಯಿಂದ ನನಗೆ ಪೂರ್ತಿ ಅರ್ಥವಾದ ಮಾತು ಅದೊಂದೇ. ಗಂಡನನ್ನು ಕೇಳಿದೆ. "ಅಕ್ಕ ನಿಂತ್ರ ನಿನ್ನ ಮಾತು ಮನ್ಯಾಗ ನಡಿಯೂದಿಲ್ಲ, ಗೊತ್ತೈತಿಲ್ಲ? ಆಮ್ಯಾಲೆ ನನ್ನ ಹತ್ರ ಅಳಬಾರ್ದು" ಎಂದ. ಗೊತ್ತಿತ್ತು. ಸೊಸೆಯಾಗಿ ಬಂದಾಗಿನಿಂದ ಆ ಜಾಗಕ್ಕಾಗಿ ಕಾದಿದ್ದೆ, ಸುಳ್ಳು ಯಾಕೆ ಹೇಳಲಿ.

ಸಂದಿಗೆ ಬಾಯಿಟ್ಟು ಹೇಳಿದೆ: "ಅಕ್ಕಾ, ನಾಳಿ ನೀ ನಿಂದ್ರು. ನಾ ಕುಂದರ್ತೀನಿ." "ಮಂದಿ?" ಎಂದಳು. "ಮಂದಿ ಬಂದು ಕಿಟಕ್ಯಾಗ ರೊಟ್ಟಿ ತುರುಕ್ತಾರೇನು?" ಎಂದೆ.

ಕೂರುವುದು ಹೇಳಿದಷ್ಟು ಸುಲಭವಾಗಿರಲಿಲ್ಲ. ಬೆಳಿಗ್ಗೆ ಒಲೆಯ ಮುಂದೆ ಕೂತರೂ ಮೈ ಒಳಗೊಳಗೇ ನಿಲ್ಲುತ್ತಿತ್ತು. ಬೆನ್ನು ತಾನೇ ತಿದ್ದಿಕೊಳ್ಳುತ್ತಿತ್ತು, ಕಿವಿ ತೊಲೆಗಳ ಕಡೆ ಇತ್ತು. ಹಿಟ್ಟು ನಾದಿದೆ. ಮೊದಲ ರೊಟ್ಟಿ ಹರಿಯಿತು. ಎರಡನೆಯದು ತಟ್ಟುವಾಗ ಹಮಾಲರು ಇವತ್ತು ಹೆಚ್ಚು ಜನ ಬರುತ್ತಾರೋ ಏನೋ ಎಂದು ಲೆಕ್ಕ ಹಾಕತೊಡಗಿದೆ. ಕಡಿಮೆ ಬಿದ್ದರೆ ಬೀಬಿಜಾನಳಿಂದ ಹಿಟ್ಟು ತರಬೇಕು ಎಂದುಕೊಂಡೆ. ಹಾಗೆಯೇ ಬಡಿಯುತ್ತ ಹೋದೆ. ಎಷ್ಟು ಹೊತ್ತು ಮನೆಯನ್ನು ಮರೆತಿದ್ದೆ ಎಂದು ಗೊತ್ತಿಲ್ಲ. ಬೆನ್ನ ಹಿಂದೆ ಯಾರೋ ನೀರು ಕೇಳಿದರು. ಗಂಡ ಎಂದುಕೊಂಡು ತಂಬಿಗೆ ಚಾಚಿದೆ. ತಿರುಗಿದರೆ ತುಳಜಕ್ಕ. ತಲೆ ತುಂಬ ಮಣ್ಣು, ಸೊರಗಿದ ಮುಖ. ಬಾಗಿಲು ಅವಳ ಹಿಂದೆ ಏನೂ ಆಗದ ಹಾಗೆ ತೆರೆದಿತ್ತು.

ಊರು ಮಾತಾಡಿತು. ಹಿರಿಯರು ಕಟ್ಟೆಯಲ್ಲಿ ಸೇರಿ ಕಲ್ಲಿನಾಥಯ್ಯನವರನ್ನು ನೋಡಿ ಬರಲು ಕಳಿಸಿದರು. ಅವರು ಬಂದು ಗೋಡೆಗೆ ತೂಕದ ಗುಂಡು ಇಳಿಬಿಟ್ಟು ನೋಡಿದರು. ಮೂಲೆ ಮೂಲೆಗೂ ನೋಡಿದರು. ಆಮೇಲೆ ಮಜ್ಜಿಗೆ ಕುಡಿದು, "ಪಾದ ಯಾ ಕಡೆ ತಿರುಗ್ಯಾವೋ ನನಗ ನೋಡಾಕ ಬರೂದಿಲ್ಲ, ಗ್ವಾಡಿ ನೆಟ್ಟಗ ಅದಾವ" ಎಂದು ಹೋದರು. ಕೆಲವರು ನಮ್ಮ ಮನೆಗೆ ಕರೆಯಲು ಬರುವುದನ್ನೇ ಬಿಟ್ಟರು. ಬರುವವರು ಮೊದಲ ವೀಳ್ಯವನ್ನು ತುಳಜಕ್ಕನಿಗೆ ಕೊಡುತ್ತಾರೆ.

ಮನೆ ಈಗ ಮತ್ತೆ ಅವಳ ಮೈಯ ಹಾಗಿದೆ. ಅವಳು ನನಗಿಂತ ಗಿಡ್ಡ, ಹಾಗಾಗಿ ಅಡುಗೆಮನೆಯ ಬಾಗಿಲಲ್ಲಿ ನಾನು ತಲೆ ಬಗ್ಗಿಸಿ ಹೋಗಬೇಕು. ಮರೆತ ದಿನ ಹಣೆ ಬಡಿಯುತ್ತದೆ, ಅವಳು ನಗುತ್ತಾಳೆ. ಎತ್ತು ಬದಲಿಸುವ ಮಾತು ಬಂದಾಗ ನಾನು ಬೇಡವೆಂದೆ, ಅವಳು ಬೇಕೆಂದಳು, ಹೊಸ ಎತ್ತು ಬಂತು. ಬಾಗಿಲನ್ನು ಮುಚ್ಚಿದ್ದು ನನ್ನ ಹೆಗಲೋ, ನನ್ನ ಸಿಟ್ಟೋ, ಅವಳ ಹಟವೋ ನನಗೆ ಇವತ್ತಿಗೂ ತಿಳಿದಿಲ್ಲ. ಅವಳನ್ನು ಒಮ್ಮೆ ಕೇಳಿದೆ. "ನನಗೇನ್ ಗೊತ್ತು, ನಾ ಕಣ್ಣು ಮುಚ್ಚಿದ್ದೆ" ಎಂದಳು.

ಮನೆಯ ಹಿರಿತನ ನನ್ನ ಕೈಗೆ ಬಂದು ಹೋಯಿತು, ಇನ್ನು ಬರುವುದಿಲ್ಲ. ತುಳಜಕ್ಕ ಬದುಕಿ ಹೊರಗೆ ಬಂದಳು. ನನ್ನ ಬೆಳಗು ನನಗೆ ಉಳಿಯಿತು.